ವಕೀಲೆಯ ಮೊದಲ ಮೂರು ವರ್ಷ

ವಕೀಲರ ಸನ್ನದು ನೋಂದಣಿಯ ದಪ್ಪ ಪುಸ್ತಕದ ಮೇಲೆ ಬೆರಳು ಜಾರಿಸುತ್ತ ಹೋಗುತ್ತಿದ್ದ, ಎಲ್ಲರೂ ಭೂತಗನ್ನಡಿ ಎನ್ನುವ ಮನುಷ್ಯ ಪುಟದ ನಡುವಿಗೆ ಬಂದವನೇ ಗಕ್ಕನೆ ನಿಂತ.

ಕಪಾಟಿಗೆ ಒರಗಿ ಆಕಳಿಸುತ್ತಿದ್ದ ಗುಮಾಸ್ತ ಕೇಳಿದ: “ಸಿಕ್ತಾ?”

ಸಿಕ್ಕಿತ್ತು. ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು.

ಹೊಸದಾಗಿ ವಕೀಲಿಕೆಗೆ ಇಳಿದವರು ಯಾವ ಹಿರಿಯರ ಕೈಕೆಳಗೆ ಕೆಲಸ ಕಲಿಯುತ್ತಾರೆ ಎಂಬುದನ್ನು ಆ ಪುಸ್ತಕದ ಕೊನೆಯ ಕಾಲಮ್ಮಿನಲ್ಲಿ ಬರೆಯಬೇಕು. ಹನ್ನೆರಡು ವರ್ಷ ಹಿಂದಿನ ಆ ಸಾಲಿನಲ್ಲಿ ಅವನು ಹುಡುಕಿಕೊಂಡು ಬಂದ ವಕೀಲೆಯ ಹೆಸರಿನ ಎದುರು ಇದ್ದದ್ದು ದೊಡ್ಡ ವಕೀಲರ ಹೆಸರು. ಊರಿಗೆಲ್ಲ ಅವರು ದೊಡ್ಡ ವಕೀಲರೇ. ಇಪ್ಪತ್ತು ವರ್ಷದಿಂದ ಒಂದು ಔಷಧ ಕಂಪನಿಯ ಪರ ನಿಂತು, ಒಂದೂ ಕೇಸು ಸೋಲದೆ, ಒಂದು ಸಲವೂ ದನಿ ಏರಿಸದೆ ಬಂದವರು.

ಆ ಕಂಪನಿಯ ಕಿವಿ ಡ್ರಾಪ್ಸ್ ಹಾಕಿಕೊಂಡು ಕಿವುಡರಾದ ಮುನ್ನೂರ ನಲವತ್ತು ಜನ ಒಟ್ಟಾಗಿ ಹೂಡಿರುವ ಸಾಮೂಹಿಕ ದಾವೆಗೆ ಈ ವಕೀಲೆಯೇ ಮುಖ್ಯ ವಕೀಲೆಯಾಗಬೇಕೋ ಬೇಡವೋ ಎಂಬುದು ಇವತ್ತು ಮಧ್ಯಾಹ್ನ ಮೂರಕ್ಕೆ ತೀರ್ಮಾನವಾಗಲಿತ್ತು.

ಭೂತಗನ್ನಡಿ ಕುರ್ಚಿ ಎಳೆದು ಕೂತ. ವಿಮಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸುಳ್ಳು ಅರ್ಜಿಗಳನ್ನು ಮೂಸಿ ನೋಡಿದವನು ಅವನು. ಸಹಿಗಳನ್ನು ಕನ್ನಡಿ ಹಿಡಿದು ನೋಡುತ್ತಿದ್ದನೆಂದು ಜೊತೆಯವರು ಇಟ್ಟ ಅಡ್ಡಹೆಸರು ಕೆಲಸ ಬಿಟ್ಟ ಮೇಲೂ ಬೆನ್ನು ಬಿಟ್ಟಿರಲಿಲ್ಲ. ಮನುಷ್ಯರ ಸುಳ್ಳಿಗೆ ಬೆಚ್ಚಿಬೀಳುವ ವಯಸ್ಸು ದಾಟಿದ್ದೇನೆ ಎಂದುಕೊಂಡಿದ್ದ. ದಾಟಿರಲಿಲ್ಲ.

ವಕೀಲೆ ನ್ಯಾಯಾಲಯಕ್ಕೆ ಕೊಟ್ಟಿದ್ದ ವೃತ್ತಿ ವಿವರದ ಎರಡು ಹಾಳೆ ಅವನ ಜೇಬಿನಲ್ಲೇ ಇತ್ತು. ನೋಡಿದರೆ ಕೈ ಮುಗಿಯಬೇಕು, ಅಂಥ ಚರಿತ್ರೆ. ಗಿರಣಿಯ ಧೂಳಿಗೆ ಶ್ವಾಸಕೋಶ ಕೊಟ್ಟ ಕಾರ್ಮಿಕರು, ಬ್ರೇಕ್ ಹಿಡಿಯದ ಗಾಡಿ ಕೊಂಡವರು, ಕಾರ್ಖಾನೆಯ ಕೊಳಕು ನೀರು ಕುಡಿದ ಒಂದಿಡೀ ಬಡಾವಣೆ: ಹೀಗೆ ಒಬ್ಬೊಬ್ಬರಾಗಿ ಹೋದರೆ ಯಾರೂ ಕಣ್ಣೆತ್ತಿ ನೋಡದ ಜನರನ್ನು ಗುಂಪು ಕಟ್ಟಿ ನಿಲ್ಲಿಸಿ ಗೆಲ್ಲಿಸಿದವಳು. ಆದರೆ ವಿವರ ಶುರುವಾಗುತ್ತಿದ್ದದ್ದು ನಾಲ್ಕನೆಯ ವರ್ಷದಿಂದ. ಮೊದಲ ಮೂರು ವರ್ಷದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಅದನ್ನು ಯಾರೂ ಗಮನಿಸಿರಲಿಲ್ಲ. ನಾಲ್ಕು ದಿನದ ಹಿಂದೆ ಸಂತ್ರಸ್ತರ ಸಮಿತಿಯ ಅಧ್ಯಕ್ಷೆಗೆ ಸಹಿಯಿಲ್ಲದ ಒಂದು ಕಾಗದ ಬಂದಿತ್ತು: ‘ನಿಮ್ಮ ವಕೀಲೆ ಮೊದಲ ಮೂರು ವರ್ಷ ಎಲ್ಲಿದ್ದರು ಎಂದು ವಿಚಾರಿಸಿ.’ ಅಧ್ಯಕ್ಷೆ ಬೇರೆ ಯಾರೂ ಅಲ್ಲ, ಭೂತಗನ್ನಡಿಯ ಸ್ವಂತ ಅಕ್ಕ. ಕಾಗದವನ್ನು ತಮ್ಮನ ಕೈಗೆ ಕೊಟ್ಟು, ಮುನ್ನೂರ ನಲವತ್ತು ಜನರ ಹಣೆಬರಹ ಇವಳ ಕೈಗೆ ಒಪ್ಪಿಸಬಹುದೋ ಇಲ್ಲವೋ ನೋಡಿ ಹೇಳು ಎಂದಿದ್ದಳು.

ಅವನು ಮತ್ತೆ ಸಾಲು ನೋಡಿದ. ದೊಡ್ಡ ವಕೀಲರ ಕಚೇರಿ ಬಿಟ್ಟ ದಿನಾಂಕವೂ ಅಲ್ಲೇ ಇತ್ತು. ಒಂಬತ್ತು ವರ್ಷದ ಹಿಂದಿನದು. ಅದನ್ನು ಬರೆದುಕೊಂಡು ಎದ್ದ.

ವಕೀಲೆಯ ಕಚೇರಿ ನ್ಯಾಯಾಲಯದ ಎದುರು ರಸ್ತೆಯಲ್ಲಿ, ಮೊದಲ ಮಹಡಿ. ಎರಡೇ ಕೋಣೆ. ಬಾಗಿಲ ಗುಂಡಿ ಒತ್ತಿದರೆ ಗಂಟೆ ಹೊಡೆಯುವುದರ ಜೊತೆಗೆ ಒಳಗೆ, ಹೊರಗೆ ಎರಡು ಹಳದಿ ದೀಪ ಮಿನುಗುತ್ತಿದ್ದವು. ಗುಂಡಿ ಒತ್ತಿದ್ದು ಮುಟ್ಟಿತೋ ಇಲ್ಲವೋ ಎಂದು ಕಿವಿ ಕೇಳದ ಕಕ್ಷಿದಾರರು ಮೆಟ್ಟಿಲ ಮೇಲೆ ಒದ್ದಾಡಬಾರದೆಂದು ಅವಳೇ ಹಾಕಿಸಿದ್ದು. ಮೊದಲ ದಿನ ಅದನ್ನು ನೋಡಿ ಭೂತಗನ್ನಡಿಗೆ ಮನಸ್ಸು ಕರಗಿತ್ತು. ಇವತ್ತು ಅದೇ ದೀಪ ನೋಡಿ ಮೈ ಉರಿಯಿತು.

ವಕೀಲೆ ಮೂರು ಗಂಟೆಯ ವಿಚಾರಣೆಗೆ ಕಡತ ಜೋಡಿಸುತ್ತಿದ್ದಳು. ನಲವತ್ತರ ಆಸುಪಾಸಿನ ಸಣಕಲು ಹೆಂಗಸು. ಅವನ ಮುಖ ನೋಡಿದವಳೇ ಕೈಲಿದ್ದ ದಾರವನ್ನು ಕೆಳಗಿಟ್ಟಳು.

ಅವನು ಪೀಠಿಕೆ ಹಾಕಲಿಲ್ಲ. “ದೊಡ್ಡ ವಕೀಲರ ಹತ್ರ ಮೂರು ವರ್ಷ ಇದ್ರಿ.”

“ಇದ್ದೆ.”

ಇಷ್ಟು ಸಲೀಸಾಗಿ ಒಪ್ಪುತ್ತಾಳೆಂದು ಅವನು ಎಣಿಸಿರಲಿಲ್ಲ.

“ಅಂದ್ರೆ ಕಂಪನಿ ಉಪ್ಪು ತಿಂದಿದ್ದೀರಿ. ಆ ಕುರ್ಚಿಲಿ ಕೂತವರು ಈ ಕುರ್ಚಿಲಿ ಕೂರೋ ಹಾಗಿಲ್ಲ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.”

“ಗೊತ್ತು.”

“ನಮ್ಮಕ್ಕನ ಹತ್ರ ಯಾಕೆ ಹೇಳಲಿಲ್ಲ?”

ಗೋಡೆಯುದ್ದಕ್ಕೂ ಮುನ್ನೂರ ನಲವತ್ತು ಕಡತ, ಪ್ರತಿಯೊಂದರ ಬೆನ್ನಿಗೂ ಒಂದೊಂದು ಮುಖದ ಚಿತ್ರ. ಅವಳು ಅವನ್ನೇ ನೋಡುತ್ತ ಕೂತಳು.

ಭೂತಗನ್ನಡಿ ಸಹಿಯಿಲ್ಲದ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟ. ಬೆದರಿಸಬೇಕೆಂದೇ ಇಟ್ಟದ್ದು. ಆದರೆ ಇಟ್ಟ ಮೇಲೆ ಅವನ ಕಣ್ಣು ಅದರ ಪಕ್ಕದಲ್ಲಿದ್ದ, ಅವಳೇ ಈಗಷ್ಟೆ ಟೈಪು ಮಾಡಿದ ಅರ್ಜಿಯ ಕಡೆ ಹೋಯಿತು. ಎರಡೂ ಉದ್ದದ ಹಾಳೆ. ಎರಡರಲ್ಲೂ ಎಡಗಡೆ ಮೂರು ಬೆರಳಗಲ ಖಾಲಿ ಜಾಗ, ದಾರ ಪೋಣಿಸಲು ಬಿಟ್ಟದ್ದು. ಸಾಲು ಸಾಲಿನ ನಡುವೆ ಒಂದೇ ಅಂತರ. ಎರಡರ ಟೈಪಿನ ಅಚ್ಚೂ ಒಂದೇ. ಬೆದರಿಕೆ ಕಾಗದ ಬರೆಯುವ ಯಾವ ಪುಂಡನೂ ಅದನ್ನು ಕೋರ್ಟಿನ ಕಡತಕ್ಕೆ ಸೇರಿಸಲೆಂದು ಅಂಚು ಬಿಟ್ಟು ಬರೆಯುವುದಿಲ್ಲ.

“ಇದನ್ನ ಬರೆದಿದ್ದು ನೀವೇ.”

ವಕೀಲೆ ಹೂಜಿಯಿಂದ ನೀರು ಬಗ್ಗಿಸಿ ಅವನ ಕಡೆ ಸರಿಸಿದಳು.

ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವವರನ್ನು ಅವನು ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ತಲೆ ಓಡಲಿಲ್ಲ. ನೀರು ಕುಡಿದ. ಆಮೇಲೆ ಒಂದೊಂದೇ ಎಳೆ ಬಿಡಿಸುತ್ತ ಕೇಳಿದ. ದೊಡ್ಡ ವಕೀಲರಿಗೆ ಇವಳ ಹಿನ್ನೆಲೆ ಗೊತ್ತೇ ಇದೆ. ಒಂದು ಮಾತು ಹೇಳಿದರೆ ಇವಳು ಇವತ್ತೇ ಹೊರಗೆ. ಹಾಗಿದ್ದೂ ಅವರು ಯಾಕೆ ಸುಮ್ಮನಿದ್ದಾರೆ? ಇವಳು ನನ್ನ ಕಚೇರಿಯಲ್ಲಿ ಈ ಡ್ರಾಪ್ಸ್ ವಿಷಯ ನೋಡಿಕೊಂಡಿದ್ದಳು ಎಂದು ಅವರು ಹೇಳಬೇಕಾದರೆ, ಆ ವಿಷಯ ಒಂಬತ್ತು ವರ್ಷದ ಹಿಂದೆಯೇ ಇತ್ತು ಎಂದು ಒಪ್ಪಬೇಕಾಗುತ್ತದೆ. ಕಂಪನಿಯೋ ಪ್ರಮಾಣ ಮಾಡಿ ಹೇಳಿದೆ, ಎರಡು ವರ್ಷದ ಹಿಂದಿನವರೆಗೆ ನಮಗೆ ಒಂದೂ ದೂರು ಬಂದಿರಲಿಲ್ಲ ಎಂದು.

ಅಷ್ಟು ಹೇಳಿ ಅವನು ಅವಳ ಮುಖ ನೋಡಿದ.

“ಮೊದಲೇ ಒಂದು ದೂರು ಬಂದಿತ್ತು. ಅಲ್ವಾ?”

“ಒಬ್ಬ ಕಕ್ಷಿದಾರನ ಕೆಲಸ ಮಾಡುವಾಗ ತಿಳಿದದ್ದನ್ನ ಸಾಯೋವರೆಗೂ ಬಾಯಿ ಬಿಡೋ ಹಾಗಿಲ್ಲ ಸಾರ್. ಆ ಕಕ್ಷಿದಾರ ಎಂಥವನೇ ಆಗಿರಲಿ. ನನ್ನ ವೃತ್ತಿಯ ಮೊದಲ ಪಾಠ ಅದು.” ಅವಳು ತಡೆದು ತಡೆದು ಮಾತಾಡಿದಳು. “ನಾನು ಹೇಳೋ ಹಾಗಿಲ್ಲ. ಆದ್ರೆ ನನ್ನ ಹಿನ್ನೆಲೆ ಹುಡುಕಿಕೊಂಡು ಹೊರಟವರಿಗೆ ದಾರಿಲಿ ಏನಾದ್ರೂ ಸಿಕ್ಕಿದ್ರೆ, ಅದನ್ನ ಯಾರೂ ತಡೆಯೋಕೆ ಆಗಲ್ಲ.”

“ಅದಕ್ಕೇ ಈ ಕಾಗದ.”

ಅವಳು ಕಾಗದವನ್ನು ಮಡಿಸಿ ಅವನ ಕೈಗೆ ವಾಪಸ್ ಕೊಟ್ಟಳು.

“ದೊಡ್ಡ ವಕೀಲರನ್ನ ಯಾಕೆ ಬಿಟ್ರಿ? ಅದನ್ನಾದ್ರೂ ಹೇಳಬಹುದಾ?”

“ಒಂದು ಕಾಗದ ಬರೆದೆ. ಬರೆದು ಕೊಟ್ಟ ಮೇಲೆ ಅದು ಸುಳ್ಳು ಅಂತ ಗೊತ್ತಾಯ್ತು. ಅವತ್ತೇ ಸಂಜೆ ಬಿಟ್ಟೆ.” ಅವಳು ಮೊದಲ ಸಲ ಅವನ ಕಣ್ಣಿಗೆ ಕಣ್ಣು ಕೊಟ್ಟಳು. “ನನ್ನ ಸನ್ನದು ಹೋಗುತ್ತೆ. ಇವತ್ತೇ ಹೋಗಬಹುದು. ಹೋಗಲಿ. ಒಂಬತ್ತು ವರ್ಷ ಇದಕ್ಕೇ ಕಾದಿದ್ದೀನಿ. ಆದ್ರೆ ಆ ಕಾಗದ ನ್ಯಾಯಾಧೀಶರ ಮುಂದೆ ಬರಬೇಕು, ನನ್ನ ಕೈಯಿಂದ ಅಲ್ಲ.”

ಅವನು ಎದ್ದು ಬಾಗಿಲವರೆಗೆ ಹೋದ. ಹಿಂದಿನಿಂದ ಅವಳ ದನಿ ತಡೆಯಿತು. ಇದನ್ನು ನಿಮ್ಮಿಂದ ಹುಡುಕಿಸಬೇಕಾಗಿ ಬಂತಲ್ಲ, ಅದೊಂದು ಬೇಜಾರು ನನಗೆ ಕೊನೆಯವರೆಗೂ ಇರುತ್ತೆ ಎಂದಳು. ಯಾಕೆಂದು ಕೇಳಿದ್ದಕ್ಕೆ ತಲೆ ತಗ್ಗಿಸಿ ಕಡತಕ್ಕೆ ದಾರ ಪೋಣಿಸತೊಡಗಿದಳು.

ನ್ಯಾಯಾಲಯದ ಹಳೆ ಕಡತಗಳ ಕೋಣೆ ನೆಲಮಾಳಿಗೆಯಲ್ಲಿತ್ತು. ಅವಳು ಕೆಲಸ ಬಿಟ್ಟ ವಾರದ ಸೂಚಿಯಲ್ಲಿ ಕಂಪನಿಯ ಹೆಸರು ಇದ್ದದ್ದು ಒಂದೇ ಕಡೆ. ‘ಅರ್ಜಿ ಹಿಂಪಡೆಯಲಾಗಿದೆ’ ಎಂಬ ಷರಾ. ಕಡತ ನೋಡಿಕೊಳ್ಳುವ ಹೆಂಗಸು ಏಣಿ ಹತ್ತಿ, ಧೂಳು ಕೊಡವಿ, ಸೀನಿ, ಒಂಬತ್ತು ಹಾಳೆಯ ತೆಳ್ಳನೆ ಕಟ್ಟೊಂದನ್ನು ಅವನ ಮುಂದೆ ಹಾಕಿದಳು. ಇಷ್ಟು ವರ್ಷದಲ್ಲಿ ಯಾರೂ ಕೇಳಿದ್ದೇ ಇಲ್ಲ ಎಂದಳು.

ಮೊದಲ ಹಾಳೆಯಲ್ಲಿ ಅರ್ಜಿದಾರಳ ಹೆಸರಿತ್ತು.

ಅವನು ಕನ್ನಡಿ ಹೊರತೆಗೆಯಲಿಲ್ಲ. ಕನ್ನಡಿ ಬೇಕಿರಲಿಲ್ಲ. ಅದು ಅವನ ಅಕ್ಕನ ಹೆಸರು.

ಅಕ್ಕ ಒಂಬತ್ತು ವರ್ಷದ ಹಿಂದೆ ಕಂಪನಿ ಮೇಲೆ ಕೇಸು ಹಾಕಿದ್ದು ಅವನಿಗೆ ಗೊತ್ತಿತ್ತು. ಸಾಕ್ಷಿ ಸಾಲದೆಂದು, ಕಂಪನಿಗೆ ನೋಟಿಸು ಕೂಡ ಹೋಗುವ ಮೊದಲೇ ಕೋರ್ಟು ಅದನ್ನು ಎತ್ತಿ ಬಿಸಾಡಿತು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಹೇಳಿದ್ದು ಭಾವ. ಆಗಷ್ಟೇ ಕಿವಿ ಕಳೆದುಕೊಂಡ ಅಕ್ಕ ಕೋರ್ಟು ಕಚೇರಿ ಅಲೆಯುವ ಸ್ಥಿತಿಯಲ್ಲಿರಲಿಲ್ಲ. ಎಲ್ಲ ಅಧಿಕಾರವನ್ನೂ ಗಂಡನಿಗೆ ಬರೆದುಕೊಟ್ಟಿದ್ದಳು.

ಬಿಸಾಡಿರಲಿಲ್ಲ. ಹಿಂಪಡೆದಿದ್ದರು. ಜೊತೆಗೆ ಒಂದು ಪ್ರಮಾಣಪತ್ರ: ‘ನನ್ನ ಪತ್ನಿಗೆ ಬಾಲ್ಯದಿಂದಲೂ ಶ್ರವಣದೋಷವಿತ್ತು. ಆಕೆ ಸದರಿ ಔಷಧಿಯನ್ನು ಎಂದೂ ಉಪಯೋಗಿಸಿರುವುದಿಲ್ಲ.’ ಅದನ್ನು ಸಿದ್ಧಪಡಿಸಿದವಳೆಂದು ಕೆಳಗೆ, ಆಗಿನ್ನೂ ಕಿರಿಯಳಾಗಿದ್ದ ಇದೇ ವಕೀಲೆಯ ಸಹಿ. ಅದರ ಮೇಲೆ ಗುಂಡುಗುಂಡಾಗಿ, ಮುದ್ದಾಗಿ, ಭಾವನ ಸಹಿ.

ಬಾಲ್ಯದಿಂದಲೂ. ಆ ಪದದ ಮೇಲೆ ಅವನ ಕಣ್ಣು ಕಚ್ಚಿಕೊಂಡಿತು. ಅಕ್ಕ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದಳು. ಹಲೋ ಅನ್ನುವ ಮೊದಲೇ, ಉಸಿರು ಕೇಳಿಸಿಕೊಂಡೇ ಯಾವ ವಾರ್ಡಿನ ಯಾವ ಡಾಕ್ಟರೆಂದು ಹೇಳುತ್ತಿದ್ದಳು. ಅವನು ಸಣ್ಣವನಿದ್ದಾಗ ಹಿಂಬಾಗಿಲಿನಿಂದ ಬೆಕ್ಕಿನ ಹಾಗೆ ಮನೆ ಸೇರಿದರೂ ಅಡುಗೆಮನೆಯಿಂದಲೇ, ‘ಎಲ್ಲಿ ಹಾಳಾಗಿ ಹೋಗಿದ್ದೆ’ ಎಂದು ಕೇಳುತ್ತಿದ್ದಳು.

ಕೊನೆಯ ಹಾಳೆ ಕಂಪನಿಯ ಕಾಗದ; ಕೈತಪ್ಪಿಯೋ, ಯಾರೋ ಬೇಕೆಂದೋ ಕಟ್ಟಿಗೆ ಪೋಣಿಸಿದ್ದು. ಅರ್ಜಿದಾರಳ ಪತಿಯನ್ನು ಉಗ್ರಾಣದ ಮೇಲ್ವಿಚಾರಕನಾಗಿ ನೇಮಿಸಲಾಗಿದೆ ಎಂದಿತ್ತು. ಎರಡು ವರ್ಷ ಕೆಲಸವಿಲ್ಲದೆ ಸೊರಗಿದ್ದ ಭಾವನಿಗೆ ಆಗ ದೊಡ್ಡ ನೌಕರಿ ಸಿಕ್ಕಿತೆಂದು ಮನೆಮಂದಿಯೆಲ್ಲ ಸೇರಿ ಸಿಹಿ ಹಂಚಿದ್ದರು. ಉಗ್ರಾಣದ ಬೋರ್ಡಿನ ಮೇಲಿದ್ದದ್ದು ಬೇರೆ ಯಾವುದೋ ಹೆಸರು. ಮಾಲೀಕರು ಮಾತ್ರ ಈ ಔಷಧ ಕಂಪನಿಯವರೇ ಎಂಬುದು ಈಗ ಗೊತ್ತಾಯಿತು.

ಕಡತದ ಹೆಂಗಸು ಮೈ ಹುಷಾರಿಲ್ಲವಾ ಎಂದು ವಿಚಾರಿಸಿದಳು. ಅವನು ತಲೆಯಾಡಿಸಿ, ಮೊಹರು ಹಾಕಿದ ನಕಲು ಬೇಕೆಂದು ಕೇಳಿದ. ಅದು ಕೈಗೆ ಬರುವ ಹೊತ್ತಿಗೆ ಒಂದೂವರೆ ಆಗಿತ್ತು.

ಅಕ್ಕನ ಮನೆಯ ಬಾಗಿಲು ತೆಗೆದದ್ದು ಭಾವ. ಎಂದಿನ ನಗು, ಎಂದಿನ ಇಸ್ತ್ರಿ ಅಂಗಿ. ಬಾ, ಬಿಸಿಲಲ್ಲಿ ಬಂದಿದ್ದೀಯ, ಮೊದಲು ಕೂತ್ಕೋ ಎಂದು ಉಪಚರಿಸಿದ. ಇವತ್ತು ಅಕ್ಕನನ್ನು ಕೋರ್ಟಿಗೆ ಕರೆದುಕೊಂಡು ಹೋಗಲೆಂದೇ ರಜೆ ಹಾಕಿದ್ದಾನಂತೆ. ಆ ಮುಖದಲ್ಲಿ ಕಳ್ಳತನದ ಒಂದು ಗೆರೆಯಾದರೂ ಕಂಡೀತೇ ಎಂದು ಭೂತಗನ್ನಡಿ ಹುಡುಕಿದ. ಎಳ್ಳಷ್ಟೂ ಕಾಣಲಿಲ್ಲ.

ಅಕ್ಕ ಹೊರಡಲು ಸಿದ್ಧವಾಗಿ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ವಕೀಲೆಯ ಹಿನ್ನೆಲೆಗೆ ಸಮಿತಿಯ ಒಪ್ಪಿಗೆ ಸೂಚಿಸುವ ಹಾಳೆ, ಸಹಿ ಜಾಗ ಖಾಲಿ. ಪಕ್ಕದಲ್ಲಿ ಭಾವನ ಕುರ್ಚಿ. ಭಾವ ಬಂದು ಅದರಲ್ಲಿ ಕೂತು, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಪೆನ್ನಿನ ಕ್ಯಾಪು ತೆಗೆದ.

ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದೇ ಹಾಗೆ. ತುಟಿ ನೋಡಿ ತಿಳಿಯುವುದು ಅಕ್ಕನಿಗೆ ಕೊನೆಗೂ ಒಗ್ಗಲಿಲ್ಲ. ಬಂದವರು ಹೇಳಿದ್ದನ್ನು ಭಾವ ಬರೆಯುತ್ತಿದ್ದ, ಅಕ್ಕ ಓದಿ ಬಾಯಲ್ಲಿ ಉತ್ತರ ಕೊಡುತ್ತಿದ್ದಳು. ಎಷ್ಟು ಬೇಗ ಮಾತಾಡಿದರೂ ಭಾವನ ಕೈ ಹಿಂದೆ ಬೀಳುತ್ತಿರಲಿಲ್ಲ. ಹೆಂಡತಿಗೆ ಕಿವಿಯಾದ ಗಂಡ ಎಂದು ನೆಂಟರಿಷ್ಟರೆಲ್ಲ ಕೊಂಡಾಡುತ್ತಿದ್ದರು.

“ಏನಾಯ್ತು ತಮ್ಮ? ಒಳ್ಳೆ ವಕೀಲೆ ತಾನೆ?” ಅಕ್ಕನ ದನಿ ಈಚೀಚೆಗೆ ಅಳತೆ ತಪ್ಪಿ ಜೋರಾಗುತ್ತಿತ್ತು.

ತಾನೇ ಬರೆದು ತೋರಿಸಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಆದರೆ ಆ ಪೆನ್ನು, ಆ ಇಸ್ತ್ರಿ ಅಂಗಿ ನೋಡಿ ಒಳಗೇನೋ ಕುದಿಯಿತು. ಮಾಡಿದವನ ಕೈಯಲ್ಲೇ ಬರೆಸಬೇಕು ಅನ್ನಿಸಿತು.

“ಬರೀರಿ ಭಾವ,” ಎಂದ. “ಒಂದಕ್ಷರ ಬಿಡದೆ ಬರೀರಿ.”

ಭಾವ ತಲೆಯಾಡಿಸಿದ.

ಭೂತಗನ್ನಡಿ ಅಕ್ಕನ ಮುಖವನ್ನೇ ನೋಡುತ್ತ ಹೇಳಿದ: “ವಕೀಲೆ ಮೊದಲು ಕಂಪನಿ ಕಡೆ ಇದ್ರು, ಅದು ನಿಜ. ಆದ್ರೆ ನಿನ್ನ ಹಳೆ ಕೇಸು ಬಿದ್ದುಹೋಗಿರಲಿಲ್ಲ ಅಕ್ಕ. ಭಾವ ಅದನ್ನ ವಾಪಸ್ ತಗೊಂಡ್ರು. ನೀನು ಹುಟ್ಟುಕಿವುಡಿ ಅಂತ ಸಹಿ ಹಾಕಿ ಕೊಟ್ರು. ಅದಕ್ಕೆ ಬದಲಾಗಿ ಸಿಕ್ಕಿದ್ದು ಆ ಉಗ್ರಾಣದ ಕೆಲಸ.”

ಪೆನ್ನು ನಿಲ್ಲುತ್ತದೆ ಎಂದು ಕಾದ. ನಿಲ್ಲಲಿಲ್ಲ. ಸರಸರನೆ, ತಡವರಿಸದೆ, ಗುಂಡಗಿನ ಅಕ್ಷರದಲ್ಲಿ ಸಾಲು ಮುಗಿಸಿ, ಕೊನೆಗೊಂದು ಚುಕ್ಕೆ ಇಟ್ಟು, ಭಾವ ನೋಟ್‌ಬುಕ್ಕನ್ನು ಅಕ್ಕನ ಕಡೆ ತಿರುಗಿಸಿದ. ಮನುಷ್ಯ ಕೊನೆಗೂ ಒಪ್ಪಿಕೊಂಡುಬಿಟ್ಟನೇ ಎಂದು ಭೂತಗನ್ನಡಿಗೆ ಒಂದು ಗಳಿಗೆ ಕನಿಕರವೇ ಬಂತು.

ಅಕ್ಕ ಓದಿದಳು. ಕೈ ಮೇಜಿನ ಅಂಚು ಹುಡುಕಿತು. ಆದರೆ ಅವಳು ಗಂಡನ ಕಡೆ ತಿರುಗಲಿಲ್ಲ. ಒಪ್ಪಿಗೆಯ ಹಾಳೆಯನ್ನು ಎಳೆದುಕೊಂಡು ಅಡ್ಡಕ್ಕೆ ಒಂದು ಗೀಟು ಹಾಕಿದಳು. ಅದರ ಕೆಳಗೆ, ಈ ವಕೀಲರನ್ನು ಸಮಿತಿ ಕೈಬಿಟ್ಟಿದೆ ಎಂದು ಬರೆಯತೊಡಗಿದಳು.

ಭೂತಗನ್ನಡಿ ಬಾಗಿ ನೋಟ್‌ಬುಕ್ ನೋಡಿದ.

‘ವಕೀಲೆ ಕಂಪನಿಯವಳು. ಒಂಬತ್ತು ವರ್ಷದ ಹಿಂದೆ ನೀನು ಹುಟ್ಟುಕಿವುಡಿ ಎಂದು ಸುಳ್ಳು ಕಾಗದ ಮಾಡಿ ನಿನ್ನ ಕೇಸು ಮುಳುಗಿಸಿದವಳು ಅವಳೇ.’

ಅವನು ತಲೆಯೆತ್ತಿ ನೋಡಿದ. ಗೋಡೆಯ ಕಪಾಟಿನಲ್ಲಿ ಇಂಥವೇ ನೋಟ್‌ಬುಕ್ಕುಗಳು ವರ್ಷವಾರು ಜೋಡಿಸಿ ನಿಂತಿದ್ದವು. ಡಾಕ್ಟರು ಹೇಳಿದ್ದು, ಅಮ್ಮ ಕೊನೆಗಾಲದಲ್ಲಿ ಹೇಳಿದ್ದು, ತಾನು ವಾರವಾರ ಬಂದು ಹರಟಿದ್ದು, ಎಲ್ಲ ಅವುಗಳಲ್ಲಿತ್ತು. ಒಂಬತ್ತು ವರ್ಷದಿಂದ ಅಕ್ಕ ಯಾರ ಮಾತು ಕೇಳಿಸಿಕೊಂಡು ಬದುಕಿದಳು?

ಅವನು ಚೀಲದಿಂದ ಮೊಹರಿನ ನಕಲು ಎಳೆದು, ಅವಳು ಬರೆಯುತ್ತಿದ್ದ ಹಾಳೆಯ ಮೇಲೇ ಇಟ್ಟ. ಭಾವನ ಸಹಿಯ ಮೇಲೆ ಬೆರಳೂರಿ ತೋರಿಸಿದ.

ಅಕ್ಕ ನೋಡಿದಳು. ಹುಬ್ಬು ಗಂಟಿಕ್ಕಿದಳು. ಆಮೇಲೆ, ಒಂಬತ್ತು ವರ್ಷದ ಅಭ್ಯಾಸದಂತೆ, ಇದೇನೆಂದು ತಿಳಿಯಲು ಗಂಡನ ಕಡೆ ತಿರುಗಿದಳು.

ಭಾವ ಒಂದೇ ಸಾಲು ಬರೆದ. ಈ ಸಲ ಭೂತಗನ್ನಡಿಗೂ ಕಾಣುವ ಹಾಗೆ, ನಿಧಾನವಾಗಿ ಬರೆದ: ‘ನನ್ನ ಸಹಿ ನಕಲು ಮಾಡಿದ್ದಾಳೆ. ಅವಳೇ ಇವನ ಕೈಲಿ ಕಳಿಸಿದ್ದಾಳೆ.’

ಗೋಡೆ ಗಡಿಯಾರದಲ್ಲಿ ಎರಡೂಕಾಲು. ಅಕ್ಕ ಎದ್ದು ನಿಂತು, ಎತ್ತಿ ಆಡಿಸಿ ಬೆಳೆಸಿದ ತಮ್ಮನನ್ನು ದಾರಿಹೋಕನನ್ನು ನೋಡುವಂತೆ ಅಡಿಯಿಂದ ಮುಡಿಯವರೆಗೆ ನೋಡಿದಳು.

“ನಿನಗೆ ಅವಳು ಏನು ಕೊಡ್ತೀನಿ ಅಂದ್ಲೋ?” ಎಂದಳು.